ಅಕ್ಕನಿಗೆ ನೋವೇ ಬರಲಿಲ್ಲ

ಹೋದ ವರ್ಷ ಮಾರ್ಲಾಮಿ ಹಬ್ಬಕ್ಕೆ ನಮ್ಮಕ್ಕ ಗುಂಡ್ಲುಪೇಟೆ ಕಡೆಯಿಂದ ಪುಣಜನೂರಿಗೆ ಬಂದಿದ್ದಳು. ಹಬ್ಬದ ಮಾರನೆ ದಿನ ಕೊಟ್ಟಿಗೆ ಹತ್ರ ಕೂತವಳು ಏಳಲೇ ಇಲ್ಲ. "ಏನಕ್ಕ?" ಅಂದೆ. "ಏನೂ ಇಲ್ಲ ಕನವ್ವ, ಒಸಿ ಸುಸ್ತು. ಹೊಟ್ಟೆ ತೊಳಸ್ದಂಗಾಯ್ತದ" ಅಂದ್ಲು. ಮುಖವೆಲ್ಲ ಬೆವರು. ರಾತ್ರಿ ಊಟ ಜಾಸ್ತಿ ಆಗಿರಬೇಕು ಅಂತ ನಾನು ಜೀರಿಗೆ, ಓಮ ಕುದಿಸಿ ಕೊಟ್ಟೆ, ಸೋಡಾ ತರಿಸಿ ಕುಡಿಸಿದೆ, ಫ್ಯಾನ್ ಹಾಕಿ ಮಲಗಿಸಿದೆ. ಸಾಯಂಕಾಲ ಎದ್ದು ಕಾಫಿ ಕುಡಿದಳು. ನನ್ನ ಕಷಾಯದಿಂದಲೇ ವಾಸಿಯಾಯ್ತು ಅಂತ ಬೀದಿಯಲ್ಲೆಲ್ಲ ಹೇಳ್ಕೊಂಡು ಬಂದೆ. ನಿಮ್ಮಲ್ಲೂ ಒಂದಿಬ್ಬರಿಗೆ ನೆನಪಿರಬೇಕು.

ಸಂಕ್ರಾಂತಿ ಹೊತ್ತಿಗೆ ಅವಳಿಗೆ ಮಲಗಿದ್ರೆ ಉಸಿರು ಕಟ್ಟೋದು, ಕಾಲು ಊದೋದು ಶುರುವಾಯ್ತು. ಮಗ ಮೈಸೂರಿನ ಜಯದೇವಕ್ಕೆ ಕರ್ಕೊಂಡು ಹೋದ, ನಾನೂ ಹೋಗಿದ್ದೆ. ಇಸಿಜಿ, ಎಕೋ ಎಲ್ಲ ನೋಡಿ ಡಾಕ್ಟ್ರು, "ಹಿಂದೆ ಯಾವಾಗಲೋ ಹಾರ್ಟ್ ಅಟ್ಯಾಕ್ ಆಗಿದೆ. ಎದೆನೋವು ಬಂದಿತ್ತಾ ತಾಯಿ?" ಅಂದ್ರು. "ಇಲ್ಲ ಸಾ, ಯಾವತ್ತೂ ಇಲ್ಲ" ಅಂದ್ಲು ಅಕ್ಕ. "ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ?" "ಹದಿನಾಲ್ಕು." ಅವರು ಸುಮ್ಮನೆ ತಲೆ ಆಡಿಸಿದ್ರು. ನನಗೆ ಮಾತ್ರ ಆ ಕೊಟ್ಟಿಗೆ, ಆ ಸೋಡಾ ಬಾಟ್ಲಿ ಕಣ್ಣ ಮುಂದೆ ಬಂತು. ಅಲ್ಲಿ ಬಾಯಿ ಬಿಡೋಕೆ ಧೈರ್ಯ ಬರಲಿಲ್ಲ.

ಸಕ್ಕರೆ ಕಾಯಿಲೆ ಹಳೇದಾದ್ರೆ ನರ ಮಂಕಾಗುತ್ತಂತೆ. ಚಪ್ಪಲಿ ಕಾಲಿಂದ ಜಾರಿದ್ರೂ ಗೊತ್ತಾಗದ ಹಾಗೆ ಪಾದ ಜೋಮು ಹಿಡಿಯುತ್ತಲ್ಲ, ಹೃದಯದ ನೋವು ತಿಳಿಸೋ ನರಕ್ಕೂವೆ ಅದೇ ಗತಿ. ಹಾಗಾಗಿ ಸಿನಿಮಾದಲ್ಲಿ ತೋರಿಸೋ ಹಾಗೆ ಎದೆ ಹಿಡ್ಕೊಂಡು ಬೀಳೋದಿಲ್ಲ. ಸುಸ್ತು, ತಣ್ಣನೆ ಬೆವರು, ವಾಕರಿಕೆ, ಉಸಿರು ಗಟ್ಟೋದು, ದವಡೆ ನೋವು, ಅಷ್ಟೇ. ಹೆಂಗಸರಲ್ಲಿ ಇನ್ನೂ ಹೀಗೇ. ನಾವು ಅದಕ್ಕೆ ಗ್ಯಾಸ್ಟ್ರಿಕ್ ಅಂತ ಹೆಸರಿಟ್ಟು ಕೂರ್ತೀವಿ. ಮುಟ್ಟು ನಿಲ್ಲೋತನಕ ಹೆಂಗಸರಿಗೆ ಹೃದಯದ ಕಾಯಿಲೆ ಅಷ್ಟಾಗಿ ಬರಲ್ಲ ಅಂತಾರಲ್ಲ, ಸಕ್ಕರೆ ಇದ್ರೆ ಆ ರಕ್ಷಣೆಯೂ ಹೋಯ್ತದಂತೆ.

ನಾನು ರಕ್ತನಾಳ ಕಟ್ಟೋದು ಅಂದ್ರೆ ನಮ್ಮ ಬೋರ್‌ವೆಲ್ ನೀರಿಗೆ ಹಂಡೆಯೊಳಗೆ ಸುಣ್ಣ ಕಟ್ಟೋ ಹಾಗೆ ಅಂದ್ಕೊಂಡಿದ್ದೆ. ಡಾಕ್ಟ್ರು ಕಾಗದದ ಮೇಲೆ ಬರೆದು ತೋರಿಸಿದ್ರು, ಹಾಗಲ್ಲ. ಗೋಡೆ ಗಾರೆಯೊಳಗೆ ತೇವ ಸೇರಿ ಉಬ್ಬುತ್ತಲ್ಲ, ಹಾಗೆ. ಸಕ್ಕರೆ ಜಾಸ್ತಿ ಇರೋ ರಕ್ತ ವರ್ಷಗಟ್ಟಲೆ ಹರಿದು ನಾಳದ ಒಳಪದರ ಹಾಳಾಗುತ್ತೆ, ಅಲ್ಲಿ ಕೊಲೆಸ್ಟ್ರಾಲ್ ಗೋಡೆಯೊಳಗೇ ಸೇರ್ಕೊಂಡು ಉಬ್ಬುತ್ತೆ. ಒಂದಿನ ಆ ಉಬ್ಬು ಒಡೆದ್ರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಯ್ತದ. ಎಷ್ಟೋ ಜನಕ್ಕೆ ಸಕ್ಕರೆ ಅಂತ ಗೊತ್ತಾಗೋ ಮುಂಚೆಯೇ ಈ ಕೆಲಸ ಶುರುವಾಗಿರುತ್ತಂತೆ. ಸಕ್ಕರೆಯವರಲ್ಲಿ ಒಂದು ಕಡೆಗೇ ನಿಲ್ಲದೆ, ಎರಡು ಮೂರು ನಾಳದಲ್ಲಿ ಉದ್ದಕ್ಕೂ ಹಬ್ಬಿರೋದು ಜಾಸ್ತಿ. ಅಕ್ಕನಿಗೆ ಮೂರರಲ್ಲೂ ಇತ್ತು. ಇಂಥವರಿಗೆ ಸ್ಟೆಂಟ್‌ಗಿಂತ ಬೈಪಾಸೇ ಸಾಮಾನ್ಯವಾಗಿ ಒಳ್ಳೇದು ಅಂತ ಹೇಳಿ ಅದೇ ಮಾಡಿದ್ರು. ಬಿಪಿಎಲ್ ಕಾರ್ಡ್ ಇದ್ದಿದ್ದಕ್ಕೆ ಆಯುಷ್ಮಾನ್‌ನಲ್ಲಿ ಆಯ್ತು.

ಅಕ್ಕ ಏನು ಕಮ್ಮಿ ಮಾಡಿರಲಿಲ್ಲ ಅನ್ನಬೇಡಿ. ಸಕ್ಕರೆ ಬಿಟ್ಟು ಕಾಫಿಗೆ ಬೆಲ್ಲ ಹಾಕ್ತಿದ್ಲು, ಬೆಲ್ಲಕ್ಕೇನೂ ಆಗಲ್ಲ ಅಂತ. ಮುದ್ದೆ ಒಳ್ಳೇದು ಅಂತ ಎರಡು ದೊಡ್ಡ ಮುದ್ದೆ. ರಾಗಿಯೂ ಹಿಟ್ಟೇ ಅಲ್ವಾ! ಪರೀಕ್ಷೆಯಲ್ಲಿ ಸಕ್ಕರೆ ಇಳಿದಿದೆ ಅಂದ್ರೆ ಮಾತ್ರೆ ನಿಲ್ಲಿಸಿಬಿಡೋಳು. ಕೊಲೆಸ್ಟ್ರಾಲ್ ಮಾತ್ರೆಯಂತೂ "ನಂಗೇನು ಕೊಬ್ಬಾ?" ಅಂತ ನಗಾಡಿ ಮೂಲೆಗಿಟ್ಟಿದ್ಲು. ಸಕ್ಕರೆ ಜೊತೆಗೆ ಬಿಪಿ, ಕೊಲೆಸ್ಟ್ರಾಲ್ ಮೂರನ್ನೂ ಹಿಡಿದ್ರೇನೇ ನಾಳ ಉಳಿಯೋದು, ಮೂರು ತಿಂಗಳ ಸರಾಸರಿ ಸಕ್ಕರೆ 7ರ ಒಳಗೆ, ಬಿಪಿ 130ರ ಒಳಗೆ ಇರಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿದ್ರು. ವಯಸ್ಸು ನೋಡಿ ಡಾಕ್ಟ್ರು ಒಸಿ ಹೆಚ್ಚು ಕಮ್ಮಿ ಹೇಳ್ತಾರೆ.

ಪಕ್ಕದ ಗಾಜನೂರಿನ ಮಗ ಪುನೀತ್ 2021ರ ಅಕ್ಟೋಬರ್ 29ರಂದು 46ಕ್ಕೇ ಹೋದಾಗ ನಾವೆಲ್ಲ ಅತ್ತಿದ್ದೀವಿ. ಆಮೇಲೆ ಸರ್ಕಾರ ಅವರ ಹೆಸರಲ್ಲೇ ಹೃದಯ ಜ್ಯೋತಿ ಯೋಜನೆ ಮಾಡ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಅಟ್ಯಾಕ್ ಅಂತ ಗೊತ್ತಾದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಬಿಟ್ಟಿ. ಆದ್ರೆ ಅದು ಗಂಟೆಗಳ ಲೆಕ್ಕ. ನಮ್ಮೂರಿಂದ ಚಾಮರಾಜನಗರಕ್ಕೆ ರಾತ್ರಿ ಹೊತ್ತು ಹೋಗೋದಂದ್ರೆ ಕಾಡಿನ ದಾರಿ, ಕಬ್ಬಿನ ಲಾರಿ ಕಾಯ್ಕೊಂಡು ಆನೆ ನಿಂತಿದ್ರೆ ಅದಾಗೇ ಸರಿಯೋತನಕ ಕಾಯಬೇಕು. ನನ್ನ ಹಾಗೆ ಸೋಡಾ ಕುಡಿಸ್ತಾ ಕೂತ್ರೆ ಇನ್ನೆಲ್ಲಿಯ ಇಂಜೆಕ್ಷನ್ನು.

ಅಕ್ಕನ ಹೃದಯ ಈಗ ನೂರಕ್ಕೆ ಮೂವತ್ತೆಂಟು ಭಾಗ ಪಂಪ್ ಮಾಡ್ತದ, ಐವತ್ತೈದಾದ್ರೂ ಇರಬೇಕಂತೆ. ಉಪ್ಸಾರು ನೋಡಿದ್ರೆ ಕಣ್ಣಲ್ಲಿ ನೀರು ಹಾಕ್ತಾಳೆ, ಉಪ್ಪು ಕಮ್ಮಿ ಮಾಡಿದ್ದೀವಲ್ಲ. ಮೊನ್ನೆ ಫೋನಲ್ಲಿ ಕಡೆಗೂ ಕಷಾಯದ ವಿಚಾರ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, "ಬುಡವ್ವ, ನಾನೂ ಕೇಳಿ ಕುಡ್ದೆ. ನಿಂದು ಎಷ್ಟು ವರ್ಸ ಆಯ್ತು?" ಅಂದ್ಲು.

ನನಗೆ ಸಕ್ಕರೆ ಬಂದು ಒಂಬತ್ತು ವರ್ಷ. ಈಚೆಗೆ ಹೊಲದಿಂದ ಸೊಪ್ಪಿನ ಹೊರೆ ಹೊತ್ಕೊಂಡು ಬರುವಾಗ ಎರಡು ಕಡೆ ನಿಲ್ತೀನಿ. ವಯಸ್ಸಾಯ್ತು ಅಂತ ನಮ್ಮನೆಯವರಿಗೆ ಹೇಳಿದ್ದೆ. ಬರೋ ಮಂಗಳವಾರ ಬೆಳಿಗ್ಗೆ ಮೊದಲ ಬಸ್‌ಗೆ ಚಾಮರಾಜನಗರಕ್ಕೆ ಹೋಗ್ತಾ ಇದ್ದೀನಿ. ಬರೋರಿದ್ರೆ ಹೇಳಿ, ಖಾಲಿ ಹೊಟ್ಟೆಯಲ್ಲಿ ಬನ್ನಿ, ರಕ್ತ ಕೊಡೋಕೆ. ತಿಂಡಿ ನಾನೇ ಕಟ್ಕೊಂಡು ಬತ್ತೀನಿ.