ಆಕ್ಷೇಪವಿಲ್ಲ

ಕಳೆದ ವರ್ಷ ಎಸ್ಸೆಸೆಲ್ಸಿ ಫಲಿತಾಂಶ ಪ್ರಕಟವಾದ ಬಳಿಕ ಕೆಲವು ದಿನ ನಾನು ಸುತ್ತುದಾರಿಯಲ್ಲಿ ಕಾಸರಗೋಡಿನ ನ್ಯಾಯಾಲಯಕ್ಕೆ ಹೋಗುತ್ತಿದ್ದೆ. ನೇರದಾರಿಯ ಬಸ್ ತಂಗುದಾಣದ ಬಳಿ ಒಂದು ಫ್ಲೆಕ್ಸ್ ಕಟ್ಟಿದ್ದರು. ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಪಡೆದ ಬಾಲಕಿಯೊಬ್ಬಳ ಭಾವಚಿತ್ರ ಅದರಲ್ಲಿತ್ತು. ಆಕೆ ನನ್ನ ಸಹಪಾಠಿಯೂ ಆದ ವಕೀಲನೊಬ್ಬನ ಮಗಳು. ನನ್ನ ಮಗಳಿಗೆ ಒಂದು ವಿಷಯದಲ್ಲಿ ಎ ಪ್ಲಸ್ ತಪ್ಪಿ ಎ ಬಂದಿತ್ತು.

ನಾವಿಬ್ಬರೂ ಒಂದೇ ಕನ್ನಡ ಶಾಲೆಯ ಬೆಂಚಿನಲ್ಲಿ ಕುಳಿತವರು. ಮಂಗಳೂರಿನಲ್ಲಿ ಜೊತೆಯಾಗಿ ಎಲ್‌ಎಲ್‌ಬಿ ಓದಿದವರು. ಆದರೂ ಯಾರ ಕಚೇರಿಯಲ್ಲಿ ಕಕ್ಷಿದಾರರು ಹೆಚ್ಚು, ಶಾಲಾ ವಾರ್ಷಿಕೋತ್ಸವದ ಆಮಂತ್ರಣದಲ್ಲಿ ಯಾರ ಹೆಸರು ಮೇಲೆ ಎಂದು ಮನಸ್ಸಿನಲ್ಲೇ ಲೆಕ್ಕವಿಡುತ್ತಾ ನಾನು ಇಪ್ಪತ್ತು ವರ್ಷ ಕಳೆದಿದ್ದೆ. ಆತನೂ ಹಾಗೆ ಲೆಕ್ಕವಿಟ್ಟಿದ್ದನೋ, ನಾನರಿಯೆ. ಭಾನುವಾರದ ಬಲಿಪೂಜೆ ತಪ್ಪಿಸದ, ಸಂಜೆಯ ಜಪಸರ ಬಿಡದ ನನಗೆ ಇದು ಪಾಪವೆಂದು ತೋರಿರಲಿಲ್ಲ. ವೃತ್ತಿಯ ಹುರುಪೆಂದೇ ಭಾವಿಸಿದ್ದೆ.

ಬೇಸಿಗೆ ರಜೆ ಮುಗಿದು ನ್ಯಾಯಾಲಯ ತೆರೆದ ವಾರ, ಗಡಿತಕರಾರಿನ ದಾವೆಯೊಂದರಲ್ಲಿ ಆತನ ಕಕ್ಷಿದಾರನ ಸಾಕ್ಷ್ಯ ನಡೆಯಬೇಕಿತ್ತು. ಆತನ ತಾಯಿ ಆಸ್ಪತ್ರೆಯಲ್ಲಿದ್ದುದರಿಂದ ಕಿರಿಯ ವಕೀಲರೊಬ್ಬರು ಬಂದು ವಾಯಿದೆ ಬೇಡಿದರು. ಅದಾಗಲೇ ಮೂರು ವಾಯಿದೆ ಮುಗಿದಿತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶ, ಒಬ್ಬ ಕಕ್ಷಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಸಲ್ಲದೆನ್ನುತ್ತದೆ. ಎದ್ದುನಿಂತು ಅದನ್ನೇ ವಾದಿಸಿದೆ. ಆ ಪಕ್ಷದ ಸಾಕ್ಷ್ಯ ಮುಕ್ತಾಯವೆಂದು ಆದೇಶವಾಯಿತು. ಕಾನೂನು ನನ್ನ ಕಡೆಗಿತ್ತು. ಆದರೆ ಆ ಕ್ಷಣ ನನ್ನ ಕಣ್ಣ ಮುಂದಿದ್ದುದು ಕಕ್ಷಿದಾರನ ಗಡಿಕಲ್ಲಲ್ಲ, ಆ ಫ್ಲೆಕ್ಸ್.

ಸಂಜೆ ಮಗಳು ತಡವಾಗಿ ಬಂದಳು. "ಅಪ್ಪಾ, ಅವಳ ಮನೆಗೆ ಹೋಗಿದ್ದೆ. ಅಜ್ಜಿಯ ಹತ್ತಿರ ಎಲ್ಲರೂ ಆಸ್ಪತ್ರೆಯಲ್ಲಿದ್ದಾರೆ, ಅವಳೊಬ್ಬಳೇ ಇದ್ದಳು. ಇಬ್ಬರೂ ಗಂಜಿ ಬೇಯಿಸಿ ಉಂಡೆವು. ಫ್ಲೆಕ್ಸಿನಲ್ಲಿ ಅವಳ ಫೋಟೋ ಚೆನ್ನಾಗಿ ಬಂದಿದೆ, ನೀವು ನೋಡಿದಿರಾ?"

ನನಗೆ ಉತ್ತರ ಹೊಳೆಯಲಿಲ್ಲ.

ಅಂದು ರಾತ್ರಿ ಜಪಸರದ ಮಣಿಗಳು ಬೆರಳಲ್ಲೇ ನಿಂತವು. ಯೋವಾನ್ನನ ಶುಭಸಂದೇಶದ ಕೊನೆಯ ಅಧ್ಯಾಯ ನೆನಪಾಯಿತು. ತನಗೆ ಒಪ್ಪಿಸಿದ ಕೆಲಸವನ್ನು ಕೇಳಿಕೊಂಡ ಪೇತ್ರ, ಹಿಂದಿರುಗಿ ಮತ್ತೊಬ್ಬ ಶಿಷ್ಯನನ್ನು ನೋಡಿ ಅವನ ಗತಿಯೇನೆಂದು ವಿಚಾರಿಸುತ್ತಾನೆ. ಅದು ನಿನಗೇಕೆ, ನೀನು ನನ್ನನ್ನು ಹಿಂಬಾಲಿಸು ಎಂಬರ್ಥದ ಮಾತು ಯೇಸುಸ್ವಾಮಿಯದು. ಇಪ್ಪತ್ತು ವರ್ಷ ನಾನೂ ಹಿಂದಿರುಗಿ ನೋಡುತ್ತಲೇ ನಡೆದಿದ್ದೆ. ಸೆರೆಯಲ್ಲಿದ್ದ ಸಂತ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಪೈಪೋಟಿಯನ್ನೂ ಒಣಪ್ರತಿಷ್ಠೆಯನ್ನೂ ಜೊತೆಜೊತೆಗೇ ಖಂಡಿಸಿದ್ದಾನೆ. ಅವೆರಡೂ ಒಂದೇ ಬೇರಿನವೆಂದು ನನಗೆ ಆಗ ತಿಳಿಯಿತು. ಆತನ ತಾಯಿಗಾಗಿ ಪ್ರಾರ್ಥಿಸುವುದು ಸುಲಭವಾಯಿತು. ಆತನ ಏಳಿಗೆಗಾಗಿ ಪ್ರಾರ್ಥಿಸಲು ನಾಲಗೆ ಬಹಳ ಹೊತ್ತು ಏಳಲಿಲ್ಲ.

ಆದರೆ ಪಶ್ಚಾತ್ತಾಪದ ಬೆಲೆಯನ್ನು ಕಕ್ಷಿದಾರನಿಂದ ತೆರಿಸುವ ಹಕ್ಕು ವಕೀಲನಿಗಿಲ್ಲ. ಮರುದಿನ ಆ ವೃದ್ಧ ಕೃಷಿಕರನ್ನು ಕರೆಸಿ ಎಲ್ಲವನ್ನೂ ಹೇಳಿದೆ. ಸಾಕ್ಷ್ಯ ಮತ್ತೆ ತೆರೆದರೆ ದಾವೆ ಉದ್ದವಾಗುವುದು, ಸೋಲುವ ಸಂಭವವೂ ಇರುವುದು ಎಂದೆ. ಅವರು ತುಸು ಹೊತ್ತು ಯೋಚಿಸಿ, "ಅವರೂ ಹೇಳಲಿ ವಕೀಲರೇ. ನಾನೇನು ಸುಳ್ಳು ಹೇಳಿದ್ದೇನೆಯೇ, ಹೆದರಲು?" ಎಂದರು.

ಸಾಕ್ಷ್ಯ ಮರಳಿ ತೆರೆಯಬೇಕೆಂಬ ಅರ್ಜಿ ನನ್ನ ಮುಂದೆ ಬಂದಾಗ ಅದರ ಮೇಲೆ 'ಆಕ್ಷೇಪವಿಲ್ಲ' ಎಂದು ಬರೆದು ಸಹಿ ಮಾಡಿದೆ. ವೃತ್ತಿಯಲ್ಲಿ ಅಸಂಖ್ಯ ಬಾರಿ ಬರೆದ ಪದ. ಅಂದು ಅದು ನನ್ನ ಪಾಪನಿವೇದನೆಯಾಗಿತ್ತು. ಆತ ಅದನ್ನು ಓದಿ ನನ್ನತ್ತ ನೋಡಿದ. ಧನ್ಯವಾದ ಹೇಳಲಿಲ್ಲ. "ಮಗಳು ಪ್ಲಸ್ ವನ್‌ಗೆ ಏನು ತೆಗೆದುಕೊಳ್ಳುತ್ತಾಳೆ?" ಎಂದು ಕೇಳಿದ. ಅಂದು ಸಂಜೆ ಮಗಳೊಂದಿಗೆ ಆಸ್ಪತ್ರೆಗೆ ಹೋಗಿ ತಾಯಿಯವರನ್ನು ಕಂಡು ಬಂದೆ.

ದಾವೆ ಇನ್ನೂ ನಡೆಯುತ್ತಿದೆ. ನಾನು ಗೆಲ್ಲಲೆಂದೇ ವಾದಿಸುತ್ತೇನೆ, ಕಕ್ಷಿದಾರನಿಗಾಗಿ ಮಾತ್ರ. ಅಸೂಯೆ ಸತ್ತಿತೆಂದು ಹೇಳಲಾರೆ. ಆದುದರಿಂದ ಪ್ರತಿ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆಯುವ ಮುನ್ನ ಆತನ ಹೆಸರೆತ್ತಿ ಒಂದು ಕಿರುಪ್ರಾರ್ಥನೆ ಸಲ್ಲಿಸುತ್ತೇನೆ. ಕೆಲವು ದಿನ ಅದು ಬರಿಯ ತುಟಿಯ ಮಾತಾಗುತ್ತದೆ, ಆದರೂ ಬಿಡುವುದಿಲ್ಲ.

ಈ ವರ್ಷವೂ ಫಲಿತಾಂಶ ಬರಲಿದೆ, ಫ್ಲೆಕ್ಸುಗಳು ಏಳಲಿವೆ. ನಮ್ಮ ಕನ್ನಡ ಶಾಲೆಗಳ ಮಕ್ಕಳು ಪರಸ್ಪರ ಪ್ರತಿಸ್ಪರ್ಧಿಗಳಾಗುವ ಮೊದಲು ಗೆಳೆಯರಾಗಿರುತ್ತಾರೆ. ಹೆತ್ತವರಾದ ನಾವು ನೇರದಾರಿಯಲ್ಲೇ ನಡೆದು, ಪರರ ಮಗುವಿನ ಚಿತ್ರದ ಮುಂದೆ ಅರೆಗಳಿಗೆ ನಿಂತು ಸಂತೋಷಪಡಲು ಕಲಿತರೆ ಸಾಕು.