ಧರ್ಮತಲಾದಲ್ಲಿ ರಜೆಯ ಲೆಕ್ಕ

ಬೋರ್ಡಿನಲ್ಲಿ ಎಸ್ಪ್ಲನೇಡ್ ಅಂತಿದ್ದರೂ ಕೋಲ್ಕತ್ತಾದ ಬಸ್ ಕಂಡಕ್ಟರ್ ಕೂಗುವುದು ‘ಧರ್ಮತಲಾ’ ಅಂತಲೇ. ದೇಶದ ಮೊದಲ ಮೆಟ್ರೋ ರೈಲು 1984ರಲ್ಲಿ ಓಡಿದ್ದು ಇಲ್ಲಿಂದ ಭವಾನಿಪುರಕ್ಕೆ. ಇಷ್ಟು ವರ್ಷ ಇಲ್ಲಿದ್ದರೂ ಆ ಹೆಸರು ಕೇಳಿದಾಗ ನನಗೆ ನೆನಪಾಗುವುದು ನಮ್ಮ ಕನ್ನಡದ ‘ಧರ್ಮಕ್ಕೆ ಸಿಕ್ಕಿದ್ದು’ ಅನ್ನೋ ಮಾತು. ಕೆಲಸ ಬಿಟ್ಟವರಿಗೆ ಬರಬೇಕಾದ ರಜೆ ಸಂಬಳವನ್ನೂ ನಮ್ಮ ಜನ ಹಾಗೇ ಅಂದುಕೊಂಡಿದ್ದಾರೆ, ಕೊಡುವವನ ದೊಡ್ಡಮನಸ್ಸು ಅಂತ.

ನನಗೆ ಪರಿಚಯದ ಹಾವೇರಿ ಕಡೆಯ ಹುಡುಗನೊಬ್ಬ ಆ ಭಾಗದ ಒಂದು ಖಾಸಗಿ ಕಚೇರಿಯಲ್ಲಿ ಆರು ವರ್ಷ ಅಕೌಂಟ್ಸ್ ನೋಡುತ್ತಿದ್ದ. ಅಪ್ಪನಿಗೆ ಹುಷಾರಿಲ್ಲ, ಊರಲ್ಲೇ ಇರಬೇಕು ಅಂತ ರಾಜೀನಾಮೆ ಕೊಟ್ಟ. ಲೆಕ್ಕ ಚುಕ್ತಾ ಮಾಡುವಾಗ ಉಳಿದಿದ್ದ 26 ದಿನದ ಪಿ.ಎಲ್. ಬಗ್ಗೆ ಮ್ಯಾನೇಜರ್, “ಅದು ರಿಟೈರ್ ಆದವರಿಗೆ, ನೀನಾಗಿಯೇ ಬಿಟ್ಟು ಹೋಗ್ತಿದ್ದೀಯಲ್ಲ” ಅಂದರಂತೆ. “ಹೋಗ್ಲಿ ಬಿಡ್ರಿ ಸರ್, ಅವರ ಮನಸ್ಸಿಗೆ ಬಂದ್ರ ಕೊಡ್ತಾರ” ಅಂದ ಹುಡುಗ.

ಅವನ ನೇಮಕಾತಿ ಪತ್ರ ತರಿಸಿ ನೋಡಿದೆ. ಮೂರನೇ ಪುಟದಲ್ಲಿ, ಕೆಲಸ ಬಿಡುವಾಗ ಉಳಿದ ಪಿ.ಎಲ್.ಗೆ ಸಂಬಳ ಕೊಡಲಾಗುವುದು ಅಂತ ಸ್ಪಷ್ಟವಾಗಿತ್ತು! ಅದೇ ಸಾಲನ್ನು ಎತ್ತಿ ಬರೆದು ಅರ್ಜಿ ಕೊಡಿಸಿದೆ, ನಕಲಿಗೆ ಸಹಿ-ಮೊಹರು ಹಾಕಿಸಿಕೊಂಡು ಬಾ ಅಂದೆ. ಮೂರು ವಾರಕ್ಕೆ ಹಣ ಬಂತು. ಮೂಲ ವೇತನ, ಡಿ.ಎ. ಸೇರಿ 24,000. ಅದನ್ನು 30ರಿಂದ ಭಾಗಿಸಿ 26 ದಿನಕ್ಕೆ 20,800 ಕೊಟ್ಟರು. ತಿಂಗಳಿಗೆ 26 ಕೆಲಸದ ದಿನ ಅಂತ ಭಾಗಿಸಿದ್ದರೆ ಪೂರ್ತಿ 24,000 ಆಗುತ್ತಿತ್ತು. ಪತ್ರದಲ್ಲಿ ಭಾಜಕದ ಮಾತಿರಲಿಲ್ಲ, ಹುಡುಗನಿಗೆ ರೈಲಿನ ಹೊತ್ತಾಗಿತ್ತು. 3,200 ಅಲ್ಲೇ ಉಳಿಯಿತು.

ಹಾಗಂತ ಎಲ್ಲ ಕಡೆ ಒಂದೇ ನಿಯಮ ಇಲ್ಲ. ಕೇಂದ್ರ ಸರ್ಕಾರದ ನೌಕರ ನಿವೃತ್ತನಾದರೆ 300 ದಿನದವರೆಗೆ ಸಿಗುತ್ತದೆ. ರಾಜೀನಾಮೆ ಕೊಟ್ಟರೆ ಖಾತೆಯಲ್ಲಿರುವ ಗಳಿಕೆ ರಜೆಯ ಅರ್ಧ ಮಾತ್ರ, ಅದೂ 150 ದಿನ ಮೀರದಂತೆ. ಪಶ್ಚಿಮ ಬಂಗಾಳದ ಅಂಗಡಿ ಮತ್ತು ಸಂಸ್ಥೆಗಳ 1963ರ ಕಾಯ್ದೆಯಲ್ಲಿ ವರ್ಷಕ್ಕೆ 14 ದಿನ ಪಿ.ಎಲ್., ಕೂಡಿಡಬಹುದಾದದ್ದು 28 ದಿನ. ಕಾರ್ಖಾನೆ ಕೆಲಸಗಾರರಿಗೆ, ಬಿಟ್ಟ ಎರಡನೇ ಕೆಲಸದ ದಿನದೊಳಗೆ ಈ ಹಣ ಕೊಡಬೇಕೆಂದು 1948ರ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲೂ ಅದು ಉಳಿದಿದೆ. ಸಿ.ಎಲ್. ಮಾತ್ರ ಸಾಮಾನ್ಯವಾಗಿ ಎಲ್ಲೂ ಹಣವಾಗುವುದಿಲ್ಲ.

2013ರಲ್ಲಿ ಜಾರ್ಖಂಡ್ ಸರ್ಕಾರದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್, ನೌಕರನ ಪಿಂಚಣಿ, ಗ್ರಾಚ್ಯುಟಿ, ರಜೆ ಸಂಬಳ ಎಲ್ಲ ಅವನ ಆಸ್ತಿ, ಕಾನೂನಿನ ಬೆಂಬಲವಿಲ್ಲದೆ ಬರೀ ಸುತ್ತೋಲೆ ಹೊರಡಿಸಿ ತಡೆಹಿಡಿಯುವಂತಿಲ್ಲ ಅಂತ ಹೇಳಿತು. ಸರ್ಕಾರಿ ನೌಕರನ ವಿಷಯದಲ್ಲಿ ಬಂದ ತೀರ್ಪು ಅದು. ಆದರೂ ‘ಆಸ್ತಿ’ ಅನ್ನೋ ಆ ಪದ ಎಲ್ಲರೂ ನೆನಪಿಟ್ಟುಕೊಳ್ಳಬೇಕಾದದ್ದು. ತೆರಿಗೆಯಲ್ಲೂ ರಿಯಾಯಿತಿ ಇದೆ. ಖಾಸಗಿ ನೌಕರರು ಕೆಲಸ ಬಿಡುವಾಗ ಪಡೆಯುವ ರಜೆ ಹಣಕ್ಕೆ ವಿನಾಯಿತಿಯ ಮಿತಿ 3 ಲಕ್ಷ ಇದ್ದದ್ದು 2023ರ ಏಪ್ರಿಲ್‌ನಿಂದ 25 ಲಕ್ಷವಾಗಿದೆ. ರಾಜೀನಾಮೆ ಕೊಟ್ಟವರಿಗೂ ಇದು ಅನ್ವಯಿಸುತ್ತದೆ. ಕೆಲಸದಲ್ಲಿದ್ದಾಗಲೇ ನಗದು ಮಾಡಿಕೊಂಡರೆ ಮಾತ್ರ ಪೂರ್ತಿ ತೆರಿಗೆ.

ಪರಸ್ಥಳದಲ್ಲಿರುವ ನಮಗೆ ಈ ರಜೆ ಉಳಿಯುವುದೇಕೆ ಹೇಳಿ? ಊರಿಗೆ ಹೋಗಲು ಎರಡು ದಿನ, ಬರಲು ಎರಡು ದಿನ. ‘ಈ ಸಲ ಬೇಡ, ಮುಂದಿನ ವರ್ಷ ಸೇರಿಸಿ ಒಂದು ತಿಂಗಳು ಹೋಗೋಣ’ ಅಂತ ಕೂಡಿಡುತ್ತೇವೆ. ಆ ಹುಡುಗನ 26 ದಿನವೂ ಅಪ್ಪನ ಜೊತೆ ಇರಬಹುದಾಗಿದ್ದ 26 ದಿನವೇ. ಅದಕ್ಕೆ ಸರಿಸಮ ಬೆಲೆ ಯಾರೂ ಕಟ್ಟಲಾರರು, ಆದರೆ ಕಟ್ಟಿರುವಷ್ಟನ್ನು ಬಿಟ್ಟು ಬರುವುದು ತರವಲ್ಲ.

ಆದ್ದರಿಂದ ರಾಜೀನಾಮೆ ಪತ್ರ ಕೊಡುವ ಮೊದಲೇ ರಜೆ ಖಾತೆಯ ಪ್ರತಿ ತೆಗೆದಿಟ್ಟುಕೊಳ್ಳಿ. ನೇಮಕಾತಿ ಪತ್ರ ಮತ್ತೊಮ್ಮೆ ಓದಿ. ಕೇಳುವುದನ್ನು ಬಾಯಲ್ಲಿ ಕೇಳಬೇಡಿ, ಬರೆದು ಕೇಳಿ. ದಿನದ ಸಂಬಳ ಎಷ್ಟರಿಂದ ಭಾಗಿಸಿದರು ಅಂತ ನೋಡದೆ ಚುಕ್ತಾ ಕಾಗದಕ್ಕೆ ಸಹಿ ಹಾಕಬೇಡಿ.