ಹಿರಿಯರ ತಾಳ್ಮೆ, ಕಿರಿಯರ ಉದ್ಯಮ

ದೊಡ್ಡ ಸಂಸ್ಥೆಯೊಂದು ಹೊಸ ಉದ್ಯಮಕ್ಕೆ ಕೈಹಾಕಿದಾಗ ಅದರ ಅಳಿವು ಉಳಿವು ಕೇವಲ ಬಂಡವಾಳದಿಂದ ನಿರ್ಧಾರವಾಗುವುದಿಲ್ಲ. ಮೇಲಿರುವ ಹಿರಿಯರು ಎಷ್ಟು ಕಾಯಬಲ್ಲರು, ಏನನ್ನು ಪ್ರಶ್ನಿಸಬಲ್ಲರು ಎಂಬುದೇ ಅಲ್ಲಿ ಮುಖ್ಯ. ಇದಕ್ಕೆ ಎಲ್ಲರೂ ಬಲ್ಲ ನಿದರ್ಶನವೆಂದರೆ ಕೈಗಡಿಯಾರ.

ಮಠದ ಪಾಠಶಾಲೆಯಲ್ಲಿ ನನ್ನ ವ್ಯಾಸಂಗ ಮುಗಿದಾಗ ಸೋದರಮಾವನವರು ಕೊಡಿಸಿದ್ದು ಎಚ್.ಎಂ.ಟಿ. ಗಡಿಯಾರ. ಅಂದು ನಮ್ಮ ಬೆಲ್ಲದ ಬಾಗೇವಾಡಿಯ ಮದುವೆಗಳಲ್ಲಿ ವರನ ಮುಂಗೈಗೆ ಅದೇ ಭೂಷಣ. 1953ರಲ್ಲಿ ಬೆಂಗಳೂರಿನಲ್ಲಿ ಯಂತ್ರೋಪಕರಣಗಳಿಗಾಗಿ ಹುಟ್ಟಿದ ಆ ಸರಕಾರಿ ಸಂಸ್ಥೆ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಗಡಿಯಾರ ತಯಾರಿಕೆಗೆ ಇಳಿದದ್ದೇ ಒಂದು ಸಾಹಸ. ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಸ್ ಗಡಿಯಾರವನ್ನೂ ಅದು ತಯಾರಿಸಿತು. ಆದರೆ ಮನಸ್ಸು ಮಾತ್ರ ಕೀಲಿಕೊಡುವ ಗಡಿಯಾರದಲ್ಲಿಯೇ ನೆಟ್ಟಿತ್ತು.

1984ರಲ್ಲಿ ಟಾಟಾ ಸಮೂಹವೂ ತಮಿಳುನಾಡು ಸರಕಾರದ ಕೈಗಾರಿಕಾ ಅಭಿವೃದ್ಧಿ ನಿಗಮವೂ ಕೂಡಿ ಟೈಟಾನ್ ಸಂಸ್ಥೆಯನ್ನು ಕಟ್ಟಿದವು. ನಮ್ಮ ಗಡಿಗೆ ಅಂಟಿಕೊಂಡ ಹೊಸೂರಿನಲ್ಲಿ ಕಾರ್ಖಾನೆ ಎದ್ದಿತು. ಅದರ ಸಾರಥಿ ಝರ್ಕ್ಸೀಸ್ ದೇಸಾಯಿಯವರು ಕ್ವಾರ್ಟ್ಸ್ ಗಡಿಯಾರವನ್ನೇ ನೆಚ್ಚಿದರು. ಗಡಿಯಾರವನ್ನು ಆಭರಣದಂತೆ ಅಂದಗೊಳಿಸಿದರು. 1990ರ ದಶಕದ ನಡುವೆ ಅದೇ ಸಂಸ್ಥೆ ತನಿಷ್ಕ್ ಹೆಸರಿನಲ್ಲಿ ಒಡವೆ ವ್ಯಾಪಾರಕ್ಕಿಳಿದಾಗ ಮಾತ್ರ ವರುಷಗಟ್ಟಲೆ ನಷ್ಟ. 18 ಕ್ಯಾರಟ್ಟಿನ ಒಡವೆ 22 ಕ್ಯಾರಟ್ಟಿನ ಬಂಗಾರವನ್ನೇ ನಂಬಿದ ನಮ್ಮ ಹೆಣ್ಣುಮಕ್ಕಳಿಗೆ ಹಿಡಿಸಲಿಲ್ಲ. ಆದರೂ ಉದ್ಯಮ ಮುಚ್ಚಲಿಲ್ಲ. 22 ಕ್ಯಾರಟ್ ಬಂದಿತು. ಬಂಗಾರದ ಶುದ್ಧತೆಯನ್ನು ಗಿರಾಕಿಯ ಎದುರಿಗೇ ಅಳೆದು ತೋರಿಸುವ ಯಂತ್ರ ಬಂದಿತು. ಇಂದು ಟೈಟಾನಿನ ಆದಾಯದ ಬಹುಪಾಲು ಒಡವೆಯದೇ.

ಇತ್ತ ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿತು. ಸರಕಾರಕ್ಕೆ ತಾಳ್ಮೆಯಿರಲಿಲ್ಲವೆನ್ನುವಂತಿಲ್ಲ; ವರುಷಾನುಗಟ್ಟಲೆ ಅದೂ ನಷ್ಟ ಹೊತ್ತಿತು. ಆದರೆ ತಪ್ಪನ್ನು ಕಂಡು ತಿದ್ದದ ತಾಳ್ಮೆ ಉಪೇಕ್ಷೆಯೇ ಆಗುತ್ತದೆ. ತಿದ್ದಿಕೊಳ್ಳಲು ಅವಕಾಶ ಕೊಡುವ ತಾಳ್ಮೆಯಷ್ಟೇ ಪೋಷಣೆ.

ಈ ಮಾತು ಮನೆತನಗಳಿಗೂ ಸಲ್ಲುತ್ತದೆ. ನಮ್ಮೂರಿನ ಗಾಣದ ಮನೆಯ ಹುಡುಗನೊಬ್ಬ ಅಚ್ಚುಬೆಲ್ಲ ಬಿಟ್ಟು ಪುಡಿಬೆಲ್ಲ ಮಾಡಹೊರಟಿದ್ದಾನೆ. ತಂದೆ ಹಣವನ್ನೇನೋ ಕೊಟ್ಟರು. ಮೊದಲ ಹಂಗಾಮಿನಲ್ಲಿಯೇ ಲಾಭ ಕಾಣದೆ ಗಾಣಕ್ಕೆ ಬೀಗ ಹಾಕುವೆನೆಂದರು. ನಾನು ಹೇಳಿದೆ: “ಯಜಮಾನರೇ, ಕಬ್ಬು ನೆಟ್ಟು ವರುಷ ಕಾಯುವವರು ನೀವು. ಮಗನಿಗೂ ಕೆಲವು ಹಂಗಾಮು ಕೊಡಿರಿ. ಲೆಕ್ಕ ಕೇಳಬೇಡಿರೆಂದು ನಾನು ಹೇಳುವುದಿಲ್ಲ. ಆದರೆ ಗಳಿಸಿದ್ದರ ಲೆಕ್ಕಕ್ಕೆ ಮೊದಲು ಕಲಿತದ್ದರ ಲೆಕ್ಕ ಕೇಳಿರಿ.”